ನಾಲ್ಕನೇ ಗೆರೆ

ನಮ್ಮೂರಿನ ಮಕ್ಕಳ ರಕ್ತ ಗಾಜಿನ ಕೊಳವೆಯೊಳಗೆ ತಾನಾಗಿಯೇ ಮೇಲಕ್ಕೆ ಹತ್ತುತ್ತದೆ. ದೊಡ್ಡವರ ರಕ್ತ ಹತ್ತುವುದಿಲ್ಲ. ಹನ್ನೆರಡು ವರ್ಷ ತುಂಬಿದ ಮೇಲೆ ಎಲ್ಲರದ್ದೂ ತಳದಲ್ಲೇ ಬಿದ್ದಿರುತ್ತದೆ, ನಮ್ಮ ಪುರಸಭೆಯ ಕಡತಗಳ ಹಾಗೆ. ಮಗುವಿನ ಮೈಯೊಳಗೆ ಬ್ಯಾಕ್ಟೀರಿಯಾ ಸೇರಿಕೊಂಡು ಹಾವಳಿ ಎಬ್ಬಿಸಿದ್ದರೆ ರಕ್ತ ಸರಸರನೆ ಏರುತ್ತದೆ, ಬರೀ ನೆಗಡಿ ಶೀತವಾದರೆ ಕೆಳಗೇ ನಿಲ್ಲುತ್ತದೆ. ಕೊಳವೆಗೆ ನೂರು ಗೆರೆ. ಇಪ್ಪತ್ತನೆಯ ಗೆರೆಗೆ ಹಸಿರು ಬಣ್ಣ. ಹಸಿರು ಗೆರೆ ದಾಟಿದರೆ ಆಸ್ಪತ್ರೆಯ ಗಂಟೆ ಹೊಡೆದು, ಬೀರುವಿನ ಬೀಗ ತೆಗೆದು, ದೊಡ್ಡ ಔಷಧಿ ಹಾಕುತ್ತಾರೆ. ದಾಟದಿದ್ದರೆ ಮಗು ಆರೋಗ್ಯವಾಗಿದೆ ಎಂದು ಚೀಟಿ ಕೊಟ್ಟು ಮನೆಗೆ ಕಳಿಸುತ್ತಾರೆ. ಆ ಗೆರೆ ಓದಿ ಚೀಟಿ ಬರೆಯುವ ಕೆಲಸವನ್ನು ಇಪ್ಪತ್ತೆರಡು ವರ್ಷ ಮಾಡಿದವಳು ನಾನು, ಸರ್ವಮಂಗಳ. ಊರಿನವರಿಗೆ ಮಂಗಳಕ್ಕ.

ಕೊಳವೆಯನ್ನು ನಾನು ಬಯ್ಯುವುದಿಲ್ಲ. ಅದು ಬರುವ ಮೊದಲು ನಮ್ಮೂರಿನಲ್ಲಿ ಮಗು ಸೀನಿದರೂ ದೊಡ್ಡ ಔಷಧಿ, ಕೆಮ್ಮಿದರೂ ದೊಡ್ಡ ಔಷಧಿ. ಹಾಗೆ ಹಾಕಿ ಹಾಕಿ ರೋಗಗಳೇ ಆ ಔಷಧಿಗೆ ಒಗ್ಗಿಹೋದವು. ನಿಜವಾಗಿ ಬೇಕಾದಾಗ ಅದು ಕೆಲಸ ಮಾಡದೆ ಮಕ್ಕಳು ಕಣ್ಣೆದುರೇ ಹೋದದ್ದನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೇನೆ. ಆಗ ಆಸ್ಪತ್ರೆಯಲ್ಲಿದ್ದ ಹಳೆಯ ಡಾಕ್ಟರು ಸೋಮನಾಥಯ್ಯನವರು ಈ ಕೊಳವೆ ಪದ್ಧತಿ ತಂದರು. ನನಗೆ ಕೆಲಸ ಕಲಿಸಿದವರೂ ಅವರೇ. "ಮೊದಲು ಮಗು ನೋಡು, ಆಮೇಲೆ ಕೊಳವೆ ನೋಡು" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಮಾತನ್ನು ಆಸ್ಪತ್ರೆಯ ಬಾಗಿಲ ಮೇಲೆ ಬರೆಸಬೇಕೆಂದು ರಕ್ತಮಟ್ಟ ಸಮಿತಿ ತೀರ್ಮಾನಿಸಿತು. ತಂದ ಹಲಗೆ ಚಿಕ್ಕದಾಯಿತು. ಬೋರ್ಡು ಬರೆಯುವವನು ಅಧ್ಯಕ್ಷರನ್ನು ಒಂದು ಮಾತು ಕೇಳಿ ಮೊದಲರ್ಧ ಬಿಟ್ಟುಬಿಟ್ಟ. ಈಗ ಬಾಗಿಲ ಮೇಲೆ "ಕೊಳವೆ ನೋಡು" ಎಂದಷ್ಟೇ ಇದೆ. ಅದರ ಕೆಳಗೆ ಡಾಕ್ಟರ ಹೆಸರು, ಅದರ ಕೆಳಗೆ ಇನ್ನೂ ದೊಡ್ಡ ಅಕ್ಷರದಲ್ಲಿ ಅಧ್ಯಕ್ಷರ ಹೆಸರು.

ಹಸಿರು ಗೆರೆ ಊರಿನ ನಡವಳಿಕೆಯನ್ನೇ ತಿದ್ದಿತು. ಬೇರೆ ಊರುಗಳಲ್ಲಿ ಎದುರು ಸಿಕ್ಕವರನ್ನು "ಊಟ ಆಯ್ತಾ" ಎಂದು ಕೇಳುತ್ತಾರಂತೆ. ನಮ್ಮಲ್ಲಿ "ನಿಮ್ಮದೆಷ್ಟು ಬಂತು" ಎಂದು ಕೇಳುತ್ತಾರೆ. ಮೂವತ್ತು ದಾಟಿದ ಮಗುವಿನ ಮನೆಗೆ ನೆಂಟರಿಷ್ಟರು ಎಳನೀರು, ದಾಳಿಂಬೆ ಹಿಡಿದುಕೊಂಡು ಬರುತ್ತಾರೆ. ಐವತ್ತು ದಾಟಿದರೆ ಪುರಸಭೆ ಸದಸ್ಯರು ಬಂದು ಮಂಚದ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಹತ್ತು ಗೆರೆಯೊಳಗಿನ ಮಗು ಕಣ್ಣು ಮೇಲೆ ಮಾಡಿಕೊಂಡು ಬಿದ್ದಿದ್ದರೂ ಯಾರೂ ತಿರುಗಿ ನೋಡುವುದಿಲ್ಲ. ಶಾಲೆಯ ಮೇಷ್ಟ್ರು ಚೀಟಿ ಓದಿ, "ಗೆರೆ ಎಂಟು ಅಂತಿದೆ. ಏನೂ ಆಗಿಲ್ಲ ನಿಂಗೆ, ಮಗ್ಗಿ ಹೇಳು" ಎನ್ನುತ್ತಾರೆ, ಮಗು ಹನ್ನೆರಡರ ಮಗ್ಗಿ ಹೇಳುತ್ತಾ ಪುಸ್ತಕದ ಮೇಲೆ ವಾಂತಿ ಮಾಡಿಕೊಳ್ಳುತ್ತದೆ. ಒಂದು ವರ್ಷ ಜವಳಿ ಅಂಗಡಿಯವರ ಮಗನಿಗೆ ಬರೀ ವೈರಸ್ ಜ್ವರಕ್ಕೆ ಇಪ್ಪತ್ತೆರಡು ಬಂತು. ಹಾಗೂ ಬರುವುದುಂಟು. ಚೆಂಡು ಹಿಡಿದು ಬೀದಿಯಲ್ಲಿ ಓಡುತ್ತಿದ್ದವನನ್ನು ಎತ್ತಿ ತಂದು ಮಲಗಿಸಿ ಹತ್ತು ದಿನ ದೊಡ್ಡ ಔಷಧಿ ಹಾಕಿದರು. ಹತ್ತು ದಿನವೂ ಅವನು ಭೇದಿಯಾಗಿ ಕಕ್ಕಸಿಗೂ ಮಂಚಕ್ಕೂ ಓಡಾಡಿದ. ಅವನಪ್ಪ ಮಾತ್ರ "ನಮ್ಮ ಹುಡುಗ ಇಪ್ಪತ್ತೆರಡನ್ನ ಗೆದ್ದೋನು" ಎಂದು ಇವತ್ತಿಗೂ ಮೀಸೆ ತಿರುವುತ್ತಾನೆ.

ಸೋಮನಾಥಯ್ಯನವರ ನಂತರ ಬಂದ ಡಾಕ್ಟರು ವೃಷಭೇಂದ್ರ. ಕೆಟ್ಟವರಲ್ಲ, ಪುಕ್ಕಲು. ಮಗುವಿನ ಮುಖ ನೋಡಿದರೆ ವೈದ್ಯರ ತೀರ್ಪು ಕೆಡುತ್ತದೆ, ಕರುಳು ಅಡ್ಡ ಬರುತ್ತದೆ ಎಂದು ಸಮಿತಿ ಅವರನ್ನು ಗೋಡೆಯ ಆಚೆ ಕೂರಿಸಿತು. ಗೋಡೆಯಲ್ಲಿ ಒಂದು ಕಿಂಡಿ. ನಾನು ಗೆರೆ ಬರೆದ ಚೀಟಿಯನ್ನು ಕಿಂಡಿಯಲ್ಲಿ ಹಾಕಿದರೆ ಅವರು ಔಷಧಿ ಬರೆದು ಅದೇ ಕಿಂಡಿಯಿಂದ ವಾಪಸು ಕೊಡುತ್ತಾರೆ. ಅಕ್ಷರ ಮುತ್ತು ಪೋಣಿಸಿದ ಹಾಗಿರುತ್ತದೆ. ಬಿಡುವಾಗಿರುವ ಡಾಕ್ಟರ ಅಕ್ಷರ. ಹನ್ನೊಂದು ವರ್ಷದಲ್ಲಿ ಅವರು ಒಂದು ಮಗುವನ್ನೂ ಮುಟ್ಟಿರಲಿಲ್ಲ.

ಇನ್ನೊಂದು ಪದ್ಧತಿಯನ್ನು ಹೇಳಲೇಬೇಕು. ಸೂಜಿ ಚುಚ್ಚಿದಾಗ ಮಕ್ಕಳು ಅಳುವುದು ಸಮಿತಿಯವರಿಗೆ ಆಗದು. ಪಕ್ಕದ ಕೋಣೆಯಲ್ಲಿ ಅವರ ಸಭೆಗೆ ತೊಂದರೆಯಾಗುತ್ತದೆ. ಹಾಗಾಗಿ ಅಳದ ಮಗುವಿಗೆ "ಜಾಣ ಮಗು" ಎಂದು ಬರೆದ ಕೆಂಪು ರಿಬ್ಬನ್ ಕಟ್ಟಿ, ಅಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಬೇಕು. ತಟ್ಟುವವರಲ್ಲಿ ನಾನೂ ಒಬ್ಬಳಾಗಿದ್ದೆ.

ಅದೊಂದು ಬುಧವಾರ, ಬೆಳಿಗ್ಗೆ ಹತ್ತೂವರೆ. ಆಸ್ಪತ್ರೆಯ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಪುಟ್ಟಗೌರಿ ತನ್ನ ಐದು ತಿಂಗಳ ಮಗಳು ಬೆಳ್ಳಿಯನ್ನು ಎತ್ತಿಕೊಂಡು ಓಡುತ್ತಲೇ ಬಂದಳು. ನಸುಕಿನಲ್ಲಿ ಜ್ವರ ಶುರುವಾಗಿದೆ, ಆಗಿನಿಂದ ಹಾಲು ಮುಟ್ಟಿಲ್ಲ ಎಂದಳು. ಗುಮಾಸ್ತ ಕೊಟ್ರೇಶಿ ಹೆಸರು ಬರೆದುಕೊಂಡ. ನಾನು ಮಗುವಿನ ಹಿಮ್ಮಡಿಗೆ ಸೂಜಿ ಚುಚ್ಚಿದೆ. ಬೆಳ್ಳಿ ಅಳಲಿಲ್ಲ. ಕಾಲನ್ನೂ ಎಳೆದುಕೊಳ್ಳಲಿಲ್ಲ.

"ಆಹಾ, ಎಷ್ಟು ಜಾಣೆ!" ಎಂದು ಕೊಟ್ರೇಶಿ ಚಪ್ಪಾಳೆ ಶುರು ಮಾಡಿದ. ಸಾಲಿನಲ್ಲಿ ಕೂತಿದ್ದ ಹೆಂಗಸರೆಲ್ಲ ತಟ್ಟಿದರು. ಒಬ್ಬಳು ತನ್ನ ಮಗನ ತೊಡೆಗೆ ಚಿವುಟಿ, "ನೋಡು, ನೋಡಿ ಕಲಿ" ಎಂದಳು. ಕೊಟ್ರೇಶಿ ಮಗುವಿನ ಕೈಗೆ ರಿಬ್ಬನ್ ಕಟ್ಟಿದ. ಕೈ ಬಿಟ್ಟ ಕೂಡಲೇ ಅದು ಒದ್ದೆ ಬಟ್ಟೆಯ ಹಾಗೆ ಕೆಳಗೆ ಬಿತ್ತು.

ಕೊಳವೆಯಲ್ಲಿ ರಕ್ತ ಒಂದನೇ ಗೆರೆ ದಾಟಿತು, ಎರಡು, ಮೂರು. ನಾಲ್ಕಕ್ಕೆ ಬಂದು ನಿಂತಿತು. ಕಾದೆ. ತಟ್ಟಿ ನೋಡಿದೆ. ಅಲುಗಲಿಲ್ಲ. ಕೊಟ್ರೇಶಿ ನನ್ನ ಭುಜದ ಮೇಲಿಂದ ಬಗ್ಗಿ ನೋಡಿ, "ನಾಲ್ಕು. ಕಲ್ಲುಗುಂಡು. ಮುಂದಿನವರು ಬನ್ನಿ" ಎಂದು ಕೂಗಿದ.

ಪುಟ್ಟಗೌರಿ ಏಳಲಿಲ್ಲ. "ಅಕ್ಕ, ಇವಳು ಅಳಬೇಕಿತ್ತು" ಎಂದಳು.

"ಅತ್ರೂ ಕಷ್ಟ, ಅಳದಿದ್ರೂ ಕಷ್ಟ ನಿಮಗೆ" ಎಂದ ಕೊಟ್ರೇಶಿ.

"ನಿಮ್ಮನ್ನ ಕೇಳ್ಲಿಲ್ಲ ನಾನು. ಮಂಗಳಕ್ಕ, ಇವಳಿಗೆ ಸ್ನಾನ ಮಾಡಿಸೋವಾಗ ಬೀದಿ ಕೊನೇ ಮನೇವ್ರಿಗೂ ಕೇಳಿಸುತ್ತೆ, ಹಾಗೆ ಕಿರುಚೋ ಮಗು ಇದು. ಇವತ್ತು ಸೂಜಿ ಹಾಕಿದ್ರೂ ಗೊತ್ತಾಗ್ತಿಲ್ಲ ಅವಳಿಗೆ. ತಲೆ ಮುಟ್ಟಿ ನೋಡಿ, ಕಾದ ಇಸ್ತ್ರಿಪೆಟ್ಟಿಗೆ ಆಗಿದೆ. ಕಾಲು ಮುಟ್ಟಿ ನೋಡಿ, ನೀರಲ್ಲಿಟ್ಟ ಹಾಗಿದೆ. ಬೆಳಗಿಂದ ಸಾಯಂಕಾಲದ ತನಕ ಬಿಸಿ ತಣ್ಣಗೆ ನೋಡೋದೇ ನನ್ನ ಕೆಲಸ. ನನ್ನ ಕೈ ಸುಳ್ಳು ಹೇಳಲ್ಲ."

ನಾನು ಮುಟ್ಟಿ ನೋಡಿದೆ. ನಿಜ ಹೇಳುತ್ತೇನೆ, ಇಪ್ಪತ್ತೆರಡು ವರ್ಷದಲ್ಲಿ ಹಿಮ್ಮಡಿ ಬಿಟ್ಟು ಮಗುವಿನ ಬೇರೆ ಭಾಗವನ್ನು ನಾನು ಮುಟ್ಟಿದ್ದು ಎಷ್ಟು ಸಲ ಎಂದು ಬೆರಳಲ್ಲಿ ಎಣಿಸಬಹುದು. ತಲೆ ಸುಡುತ್ತಿತ್ತು, ಪಾದ ತಣ್ಣಗಿತ್ತು. ಉಸಿರು ಬಿಡುವಾಗ ಸಣ್ಣಗೆ ನರಳುತ್ತಿತ್ತು. ಅಂಗಿ ಎತ್ತಿದರೆ ಹೊಟ್ಟೆಯ ಚರ್ಮದ ಮೇಲೆ ಜೇಡರ ಬಲೆಯ ಹಾಗೆ ನೀಲಿ ಗೀರುಗಳು. ಸೋಮನಾಥಯ್ಯನವರು ಕಲಿಸಿದ್ದನ್ನು ನೆನೆದು ಎದೆಯ ಮೂಳೆಯ ಮೇಲೆ ಬೆರಳಿಟ್ಟು ಒತ್ತಿ ಬಿಟ್ಟೆ. ಒತ್ತಿದ ಜಾಗ ಬೆಳ್ಳಗಾಗಿ, ಎರಡು ಎಣಿಸುವುದರೊಳಗೆ ಮತ್ತೆ ಕೆಂಪಾಗಬೇಕು. ನಾನು ಐದು ಎಣಿಸಿದೆ. ಬೆರಳಿನ ಗುರುತು ಬೆಳ್ಳಗೇ ಇತ್ತು. ಈ ಮಗು ಸಾಯುತ್ತಿದೆ, ನಾವು ಚಪ್ಪಾಳೆ ತಟ್ಟಿದ್ದೇವೆ.

ಕಿಂಡಿಯ ಹತ್ತಿರ ಹೋಗಿ, "ಸರ್, ಒಂದು ನಿಮಿಷ ಈಚೆ ಬನ್ನಿ. ಒಂದು ಮಗು ನೋಡ್ಬೇಕು" ಎಂದೆ.

"ಗೆರೆ ಎಷ್ಟು?" ಎಂದಿತು ಕಿಂಡಿ.

"ನಾಲ್ಕು."

"ನಾಲ್ಕು ಅಂದ್ರೆ ಆ ಮಗು ಇನ್ನೂ ಯಾಕಮ್ಮ ಇಲ್ಲಿದೆ?"

"ಸರ್, ಜ್ವರ ಶುರುವಾಗಿ ಐದು ಗಂಟೆ ಆಗಿದೆ ಅಷ್ಟೆ. ಮೈಗೆ ಗೊತ್ತಾಗಿದೆ, ರಕ್ತಕ್ಕೆ ಇನ್ನೂ ಸುದ್ದಿ ಮುಟ್ಟಿಲ್ಲ. ಅದು ಏರೋದಕ್ಕೆ ಅರ್ಧ ದಿನ ಬೇಕು ಅಂತ ಹಳೇ ಡಾಕ್ಟ್ರು ಹೇಳ್ತಿದ್ರು."

"ಹಾಗಾದ್ರೆ ನಾಳೆ ಬರಲಿ. ಒಂದು ಮಗುವಿಗೆ ದಿನಕ್ಕೆ ಒಂದೇ ಕೊಳವೆ ಅಂತ ನಿಯಮ ಇದೆಯಲ್ಲ."

"ನಾಳೆ ತನಕ ಇರಲ್ಲ ಸರ್ ಇದು."

ಆಚೆ ಕಡೆ ಕುರ್ಚಿ ಸದ್ದು ಮಾಡಿತು. ಎದ್ದರೇನೋ ಎಂದುಕೊಂಡೆ. ಮತ್ತೆ ಕೂತ ಸದ್ದಾಯಿತು. "ನಾನು ಈಚೆ ಬಂದ್ರೆ ಅಧ್ಯಕ್ಷರಿಗೆ ಏನು ಹೇಳ್ಲಮ್ಮ? ನೀವು ಚೀಟಿ ಕೊಡಿ. ಚೀಟೀಲಿ ಏನಿರುತ್ತೋ ಅದಕ್ಕೆ ಬರೀತೀನಿ" ಎಂದರು.

ಅವರೇ ದಾರಿ ತೋರಿಸಿದರೋ, ನಾನೇ ಹಾಗೆ ತಿಳಿದುಕೊಂಡೆನೋ ಇವತ್ತಿಗೂ ಗೊತ್ತಿಲ್ಲ. ನಾನು ಓದಿದ ಗೆರೆ ಒಮ್ಮೆಯೂ ತಪ್ಪಿರಲಿಲ್ಲ; ಅದೇ ನನ್ನ ಹೆಮ್ಮೆ, ನನಗಿದ್ದ ಒಂದೇ ಹೆಮ್ಮೆ. ಚೀಟಿಯಲ್ಲಿ ನಾಲ್ಕು ಎಂದು ಬರೆದೆ. ಪುಟ್ಟಗೌರಿಯ ಮಡಿಲ ಕಡೆ ಒಮ್ಮೆ ನೋಡಿ, ನಾಲ್ಕರ ಪಕ್ಕದಲ್ಲಿ ಒಂದು ಸೊನ್ನೆ ಸುತ್ತಿದೆ.

ಆಮೇಲೆ ನಡೆದದ್ದೆಲ್ಲ ಅಚ್ಚುಕಟ್ಟು. ಗಂಟೆ ಹೊಡೆಯಿತು, ಬೀರು ತೆರೆಯಿತು, ನರ್ಸ್ ಓಡಿ ಬಂದು ಮಗುವಿಗೆ ಡ್ರಿಪ್ ಹಾಕಿದಳು. ಡಾಕ್ಟರು ಮುತ್ತಿನಂಥ ಅಕ್ಷರದಲ್ಲಿ ಬರೆದ ದೊಡ್ಡ ಔಷಧಿ ಹನ್ನೊಂದು ಗಂಟೆಯೊಳಗೆ ಬೆಳ್ಳಿಯ ಮೈ ಸೇರಿತು. ಒಂದು ನಿಮಿಷದ ಹಿಂದೆ "ಕಲ್ಲುಗುಂಡು" ಎಂದಿದ್ದ ಕೊಟ್ರೇಶಿ ಚೀಟಿ ಓದಿ, "ಅಯ್ಯೋ ನಲವತ್ತಾ! ಪಾಪ, ಮುಖ ನೋಡಿದಾಗ್ಲೇ ಅಂದ್ಕೊಂಡೆ" ಎಂದು ಲೊಚಗುಟ್ಟಿದ. ಸಾಯಂಕಾಲದ ಹೊತ್ತಿಗೆ ಬೆಳ್ಳಿಯ ಪಾದ ಬೆಚ್ಚಗಾಯಿತು. ಐದೂವರೆಗೆ ನರ್ಸ್ ಸೂಜಿ ಸರಿಪಡಿಸಲು ಹೋದಾಗ ಮಗು ಕೋಪದಿಂದ ಕಿರುಚಿಕೊಂಡಿತು. ಅಷ್ಟು ಒಳ್ಳೆಯ ಸದ್ದನ್ನು ನಾನು ನನ್ನ ಜೀವಮಾನದಲ್ಲಿ ಕೇಳಿಲ್ಲ. ಪುಟ್ಟಗೌರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು, ನಾನೂ ಅತ್ತೆ.

ಓದಿದ ಕೊಳವೆಗಳನ್ನು ಮೂರು ದಿನ ಸ್ಟ್ಯಾಂಡಿನಲ್ಲಿ ಹಾಗೇ ಇಡಬೇಕು, ರಕ್ತ ಗೆರೆ ಬಿಟ್ಟು ಇಳಿಯುವುದಿಲ್ಲ. ಮಾರನೆಯ ದಿನ ಬೆಳಿಗ್ಗೆ ಕೊಟ್ರೇಶಿ ಚೀಟಿ ಮತ್ತು ಕೊಳವೆ ತಾಳೆ ನೋಡಿದ. ಅವನ ಮುಖದಲ್ಲಿ ಅಂಥ ಸಂತೋಷವನ್ನು ನಾನು ಹಬ್ಬದ ದಿನವೂ ಕಂಡಿರಲಿಲ್ಲ. ಹತ್ತು ಗಂಟೆಗೆ ರಕ್ತಮಟ್ಟ ಸಮಿತಿಯ ತುರ್ತು ಸಭೆ ಸೇರಿತು, ಆಸ್ಪತ್ರೆಯ ಹಜಾರದಲ್ಲೇ, ಊರವರೆಲ್ಲರ ಎದುರಿಗೆ. ಅಧ್ಯಕ್ಷ ನಂಜುಂಡಾರಾಧ್ಯರು ನನ್ನ ಚೀಟಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. ಅವರು ಹಿಡಿದ ರೀತಿ ನೋಡಿದರೆ ಸತ್ತ ಇಲಿಯ ಬಾಲ ಅನ್ನಬೇಕು.

"ಇಪ್ಪತ್ತೆರಡು ವರ್ಷ ನಂಬಿದ್ವಲ್ಲ ಮಂಗಳಮ್ಮ. ಆರೋಗ್ಯವಾಗಿರೋ ಮಗುವಿಗೆ ಸೂಜಿ ಹಾಕ್ಸಿದೀರಿ. ಏನಾಗಿತ್ತು ನಿಮಗೆ?"

"ಆರೋಗ್ಯವಾಗಿರ್ಲಿಲ್ಲ, ಸಾಯ್ತಿತ್ತು" ಎಂದೆ.

"ನಾಲ್ಕರಲ್ಲಿ ಯಾರಾದ್ರೂ ಸಾಯ್ತಾರೇನಮ್ಮ?" ಎಂದು ಅವರು ಜನರ ಕಡೆ ತಿರುಗಿದರು. ಜನ ನಕ್ಕರು.

ನಿಯಮದಂತೆ ಎರಡನೆಯ ದಿನದ ಕೊಳವೆ ತೆಗೆಯಬೇಕಿತ್ತು. ಈ ಸಲ ಕೊಟ್ರೇಶಿಯೇ ಚುಚ್ಚಿದ. ಬೆಳ್ಳಿ ಹಜಾರವೇ ಹಾರಿಹೋಗುವ ಹಾಗೆ ಕಿರುಚಿ, ಕೊಟ್ರೇಶಿಯ ಎದೆಗೆ ಒದ್ದು, ತಾಯಿಯ ಸೆರಗಿನೊಳಗೆ ಮುಖ ಹುದುಗಿಸಿ ಗಟಗಟನೆ ಹಾಲು ಕುಡಿಯತೊಡಗಿತು. ರಿಬ್ಬನ್ ಯಾರೂ ಕಟ್ಟಲಿಲ್ಲ. ರಕ್ತ ಕೊಳವೆ ಹತ್ತಿತು. ಇಪ್ಪತ್ತು ದಾಟಿತು, ನಲವತ್ತು, ಅರವತ್ತು. ಎಪ್ಪತ್ತೆಂಟಕ್ಕೆ ಹೋಗಿ ನಿಂತಿತು.

ಇನ್ನಾದರೂ ಇವರಿಗೆ ಅರ್ಥವಾದೀತು ಎಂದುಕೊಂಡೆ. ಎಂಥ ದಡ್ಡಿ ನಾನು! ಅಧ್ಯಕ್ಷರು ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದರು, ಮುಖ ಗಂಭೀರ ಮಾಡಿಕೊಂಡರು.

"ನಿನ್ನೆ ಬೆಳಿಗ್ಗೆ ನಾಲ್ಕು. ಇವತ್ತು ಬೆಳಿಗ್ಗೆ ಎಪ್ಪತ್ತೆಂಟು. ನಡುವೆ ಆಗಿರೋದೇನು? ದೊಡ್ಡ ಔಷಧಿ. ಚೆನ್ನಾಗಿದ್ದ ಮಗುವನ್ನ ಈಯಮ್ಮ ಔಷಧಿ ಹಾಕ್ಸಿ ಕಾಯಿಲೆ ಮಾಡಿದಾಳೆ!"

ಹಜಾರದಲ್ಲಿ ಹಾಹಾಕಾರ ಎದ್ದಿತು. ಎಪ್ಪತ್ತೆಂಟು! ಹೆಂಗಸರು ಓಡಿಹೋಗಿ ಎಳನೀರು ತಂದರು, ಯಾರೋ ದಾಳಿಂಬೆ ಸುಲಿದರು, ಪುರಸಭೆ ಸದಸ್ಯರಿಬ್ಬರು ತಲೆ ಬಾಚಿಕೊಂಡು ಫೋಟೊಗೆ ನಿಂತರು. ನಿನ್ನೆ ಜೀವ ಹೋಗುತ್ತಿದ್ದ ಮಗುವಿಗೆ ಚಪ್ಪಾಳೆ ತಟ್ಟಿದವರು ಇವತ್ತು ಹಾಲು ಕುಡಿದು ತೇಗುತ್ತಿದ್ದ ಮಗುವನ್ನು ಸುತ್ತುವರಿದು ಅಳತೊಡಗಿದರು. ಬೆಳ್ಳಿ ಅವರೆಲ್ಲರನ್ನೂ ಅಚ್ಚರಿಯಿಂದ ನೋಡಿ, ಪುರಸಭೆ ಸದಸ್ಯರ ಕನ್ನಡಕಕ್ಕೆ ಕೈ ಹಾಕಿತು.

"ಸ್ವಾಮಿ, ರಕ್ತ ನಿಧಾನವಾಗಿ ಏರುತ್ತೆ, ನಿಧಾನವಾಗಿ ಇಳಿಯುತ್ತೆ" ಎಂದು ನಾನು ಗಂಟಲು ಹರಿಯುವ ಹಾಗೆ ಹೇಳಿದೆ. "ಕಾಯಿಲೆ ನಿನ್ನೆದು. ಅದರ ಸುದ್ದಿ ಇವತ್ತು ಬಂದಿದೆ."

"ರಕ್ತ ಏನು ಅಂಚೆಯವನಾ, ನಿನ್ನೆ ಕಾಗದ ಇವತ್ತು ತರೋಕೆ?" ಎಂದರು ಅಧ್ಯಕ್ಷರು. ಜನಕ್ಕೆ ಈ ಮಾತು ಬಹಳ ಹಿಡಿಸಿತು. ಅಧ್ಯಕ್ಷರು ಅದೇ ಉತ್ಸಾಹದಲ್ಲಿ ಕೊಟ್ರೇಶಿಗೆ ಠರಾವು ಬರೆದುಕೊಳ್ಳಲು ಹೇಳಿದರು: ಸರ್ವಮಂಗಳ ಎಂಬುವರನ್ನು ಕೆಲಸದಿಂದ ತೆಗೆಯಲಾಗಿದೆ, ಮಗುವಿಗೆ ಹಾಕುತ್ತಿರುವ ದೊಡ್ಡ ಔಷಧಿಯನ್ನು ಈ ಕ್ಷಣದಿಂದ ನಿಲ್ಲಿಸತಕ್ಕದ್ದು.

ಮೊದಲನೆಯದನ್ನು ನಾನು ನಿರೀಕ್ಷಿಸಿದ್ದೆ. ಎರಡನೆಯದನ್ನು ನಿರೀಕ್ಷಿಸಿರಲಿಲ್ಲ. ಇಷ್ಟು ಹೊತ್ತಿಗೆ ಹೋಗಿರುವುದು ಒಂದೇ ದಿನದ ಔಷಧಿ. ಈಗ ನಿಲ್ಲಿಸಿದರೆ ಒಳಗಿನ ಬ್ಯಾಕ್ಟೀರಿಯಾ ಮತ್ತೆ ತಲೆ ಎತ್ತುತ್ತದೆ, ಆಗ ಐದು ತಿಂಗಳ ಮೈಯಲ್ಲಿ ಹೊಡೆದಾಡಲು ಏನೂ ಉಳಿದಿರುವುದಿಲ್ಲ. ನರ್ಸ್ ಡ್ರಿಪ್ಪಿನ ಕಡೆ ಕೈ ಚಾಚಿದಳು.

ಪುಟ್ಟಗೌರಿ ಅವಳ ಕೈ ಹಿಡಿದುಕೊಂಡಳು. ಅಧ್ಯಕ್ಷರ ಕಡೆ ಅವಳು ನೋಡಲೇ ಇಲ್ಲ. ನೇರ ಕಿಂಡಿಯ ಕಡೆ ಮುಖ ಮಾಡಿ ಮಾತಾಡಿದಳು.

"ಡಾಕ್ಟ್ರೇ, ಅಲ್ಲಿದೀರಾ? ಹನ್ನೊಂದು ವರ್ಷದಿಂದ ನಿಮ್ಮ ಕೋಟು ಒಗೀತಿರೋಳು ನಾನು. ಇಸ್ಕೂಲ್ ಮೇಷ್ಟ್ರ ಅಂಗೀಲಿ ಸೀಮೆಸುಣ್ಣ ಇರುತ್ತೆ. ಭಟ್ರ ಪಂಚೇಲಿ ಎಣ್ಣೆ ಇರುತ್ತೆ. ನಿಮ್ಮ ಕೋಟಲ್ಲಿ ಇಷ್ಟು ವರ್ಷದಲ್ಲಿ ಒಂದು ಮಗು ವಾಂತಿ ಮಾಡಿದ ಕಲೆ ನೋಡಿಲ್ಲ ನಾನು. ಒಂದು ಉಚ್ಚೆ ಕಲೆ ಇಲ್ಲ, ಸುಂಬಳ ಇಲ್ಲ. ಮಕ್ಕಳ ಡಾಕ್ಟ್ರ ಕೋಟಾ ಅದು? ಒಂದೇ ಒಂದು ಸಲ ಈಚೆ ಬಂದು ಇವಳನ್ನ ಎತ್ಕೊಳ್ಳಿ. ಎತ್ಕೊಂಡ್ಮೇಲೂ ಔಷಧಿ ನಿಲ್ಲಿಸು ಅಂದ್ರೆ ನಿಲ್ಲಿಸ್ತೀನಿ."

ಕಿಂಡಿಯ ಆಚೆ ಕುರ್ಚಿ ಸದ್ದು ಮಾಡಿತು. ಕೂತ ಸದ್ದಿಗಾಗಿ ನಾನು ಕಾದೆ, ಅದು ಬರಲಿಲ್ಲ. ಬಹಳ ದಿನ ತೆಗೆಯದ ಬಾಗಿಲು ಕಿರ್ ಎಂದಿತು. ಬಿಳಿ ಕೋಟು ಹಾಕಿಕೊಂಡ, ಬೋಳುತಲೆಯ, ಬಿಸಿಲು ಕಾಣದ ಬಣ್ಣದ ಒಬ್ಬ ಮನುಷ್ಯ ಹೊರಗೆ ಬಂದ. ಊರಿನ ಅರ್ಧ ಜನಕ್ಕೆ ಅವರು ಯಾರೆಂದೇ ಗೊತ್ತಾಗಲಿಲ್ಲ.

"ಡಾಕ್ಟ್ರೇ, ನಿಯಮ" ಎಂದರು ಅಧ್ಯಕ್ಷರು.

ವೃಷಭೇಂದ್ರರು ಬೆಳ್ಳಿಯನ್ನು ಎತ್ತಿಕೊಂಡರು. ಎತ್ತಿಕೊಳ್ಳಲು ಬರಲಿಲ್ಲ, ಪುಟ್ಟಗೌರಿ ಕತ್ತಿನ ಕೆಳಗೆ ಕೈ ಕೊಡುವುದನ್ನು ತೋರಿಸಬೇಕಾಯಿತು. ಅವರು ಪಾದ ಮುಟ್ಟಿದರು. ಎದೆಯ ಮೇಲೆ ಬೆರಳು ಒತ್ತಿ ಬಿಟ್ಟು, ತುಟಿಯಲ್ಲೇ ಎಣಿಸಿದರು. ಕಣ್ಣ ಮುಂದೆ ಬೆರಳು ಆಡಿಸಿದರು, ಮಗು ಬೆರಳು ಹಿಡಿದುಕೊಂಡು ಬಾಯಿಗೆ ಹಾಕಿಕೊಂಡಿತು. ಆಮೇಲೆ ಅವರ ಕೋಟಿನ ಮೇಲೆ ಧಾರಾಳವಾಗಿ ಉಚ್ಚೆ ಹೊಯ್ದಿತು. ಡಾಕ್ಟರ ಕಣ್ಣಲ್ಲಿ ನೀರು ತುಂಬಿತ್ತು.

"ಮೂತ್ರ ಚೆನ್ನಾಗಿ ಹೋಗ್ತಿದೆ" ಎಂದರು. "ಔಷಧಿ ನಿಲ್ಲಿಸಬೇಡಿ. ಕೆಲಸ ಮಾಡ್ತಿದೆ. ಏಳು ದಿನ ಪೂರ್ತಿ ಹಾಕ್ತೀನಿ."

"ಯಾವ ಆಧಾರದ ಮೇಲೆ? ಗೆರೆ ಎಪ್ಪತ್ತೆಂಟಿದೆ!"

"ಗೆರೆ ನೋಡ್ದೆ. ಮಗೂನೂ ನೋಡ್ದೆ" ಎಂದರು ಡಾಕ್ಟರು.

ಅಧ್ಯಕ್ಷರು ನಿಯಮಗಳ ಪುಸ್ತಕ ಹಾಳೆ ಹಾಳೆ ತಿರುವಿದರು. ಡಾಕ್ಟರು ಮಗುವನ್ನು ನೋಡಿಬಿಟ್ಟರೆ ಏನು ಮಾಡಬೇಕೆಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ. ಹೀಗಾಗಿ ಔಷಧಿ ಉಳಿಯಿತು. ಬೆಳ್ಳಿಯೂ ಉಳಿದಳು. ಮೂರನೆಯ ದಿನ ಗೆರೆ ನಲವತ್ತೊಂದಕ್ಕೆ ಇಳಿದಾಗ ಎಳನೀರು ತರುವವರು ಕಡಿಮೆಯಾದರು. ಐದನೆಯ ದಿನ ಹನ್ನೊಂದಾಯಿತು. ಆಮೇಲೆ ಒಬ್ಬರೂ ಬರಲಿಲ್ಲ. ಪುರಸಭೆಯವರು ತೆಗೆಸಿಕೊಂಡ ಫೋಟೊದಲ್ಲಿ ಮಗು ಕನ್ನಡಕ ಕಿತ್ತುಕೊಂಡು ನಗುತ್ತಿದೆ, ಸದಸ್ಯರು ಶೋಕದಲ್ಲಿದ್ದಾರೆ.

ನನ್ನ ಕೆಲಸ ಹೋಯಿತು. ಹೋದದ್ದು ಸರಿ ಎಂದೇ ಹೇಳುತ್ತೇನೆ. ಸುಳ್ಳು ಗೆರೆ ಬರೆದವಳು ಆ ಕುರ್ಚಿಯಲ್ಲಿ ಕೂರಬಾರದು. ಆ ವಾರವೇ ಜವಳಿ ಅಂಗಡಿಯವರು ಮನೆಗೆ ಬಂದು, "ಮಂಗಳಕ್ಕ, ಕೆಲಸ ಹೋದ್ರೇನಂತೆ, ನಮ್ಮ ಚಿಕ್ಕೋನ ಚೀಟಿಗೂ ಒಂದು ಸೊನ್ನೆ ಹಾಕ್ಬಿಡಿ, ನೆಗಡಿ ಆಗಿದೆ" ಎಂದು ಕೇಳಿದಾಗ ನನ್ನ ಸೊನ್ನೆ ಎಂಥ ಕೆಲಸ ಮಾಡಿದೆ ಎಂದು ಗೊತ್ತಾಯಿತು. ಅವರನ್ನು ಹೊಸಲು ದಾಟಿಸಿ ಬಾಗಿಲು ಹಾಕಿದೆ. ಮತ್ತೆ ಅಂಥ ಮಗು ಎದುರಿಗೆ ಬಂದರೆ ಅದೇ ಸೊನ್ನೆ ಹಾಕುತ್ತೇನೆ, ಅದು ಬೇರೆ ಮಾತು.

ಸಮಿತಿ ಪಾಠ ಕಲಿಯಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ಇನ್ನು ಮುಂದೆ ಪ್ರತಿಯೊಂದು ಮಗುವನ್ನೂ ನೋಡತಕ್ಕದ್ದು ಎಂದು ಠರಾವು ಪಾಸಾಯಿತು. ಅದಕ್ಕಾಗಿ ಒಂದು ಫಾರಂ ಅಚ್ಚಾಯಿತು. "ಮಗುವನ್ನು ನೋಡಲಾಗಿದೆ" ಎಂದು ಬರೆದು ಪಕ್ಕದಲ್ಲಿ ಒಂದು ಚೌಕ. ಬೆಳಿಗ್ಗೆ ಮಕ್ಕಳು ಬರುವುದರೊಳಗೆ ಕೊಟ್ರೇಶಿ ಇಡೀ ಕಟ್ಟಿಗೆ ಟಿಕ್ ಹಾಕಿ ಇಟ್ಟಿರುತ್ತಾನೆ. ಡಾಕ್ಟರು ಮಾತ್ರ ಗೋಡೆಯ ಆಚೆ ಹೋಗಲು ಒಪ್ಪಲಿಲ್ಲ. ಹಜಾರದಲ್ಲೇ ಸ್ಟೂಲ್ ಹಾಕಿಕೊಂಡು ಕೂರುತ್ತಾರೆ. ಹಾಗಾಗಿ ಅವರಿಗೆ ಬಡ್ತಿ ಕೊಟ್ಟು ಮಕ್ಕಳಿಲ್ಲದ ಇಲಾಖೆಗೆ ಕಳಿಸುವ ಮಾತು ನಡೆದಿದೆ.

ನಾನೀಗ ಪುಟ್ಟಗೌರಿಯ ಅಂಗಡಿಯಲ್ಲಿ ಬಟ್ಟೆ ಮಡಿಸುತ್ತೇನೆ. ಮೊನ್ನೆ ಮಧ್ಯಾಹ್ನ ಅಧ್ಯಕ್ಷ ನಂಜುಂಡಾರಾಧ್ಯರು ಅಲ್ಲಿಗೇ ಬಂದರು. ಕಂಕುಳಲ್ಲಿ ಒಂದು ವರ್ಷದ ಮೊಮ್ಮಗ, ಮೂಗಿನ ತುದಿಯೂ ಕಾಣದ ಹಾಗೆ ಶಾಲಿನಲ್ಲಿ ಸುತ್ತಿದ್ದಾರೆ. ಮುಖ ಬಾಡಿತ್ತು. ಇಷ್ಟು ವರ್ಷದಲ್ಲಿ ಮೊದಲ ಸಲ ಆ ಮನುಷ್ಯ ನನ್ನ ಕಣ್ಣಿಗೆ ಬರೀ ಅಜ್ಜನ ಹಾಗೆ ಕಂಡರು.

"ಜ್ವರ ಬಂದಿದೆ ಮಂಗಳಮ್ಮ. ಕೊಳವೇಲಿ ಹತ್ತೊಂಬತ್ತು ಬಂತು. ಒಂದೇ ಒಂದು ಗೆರೆ ಕಮ್ಮಿ. ಹಾಕ್ಸೋದಾ, ಬಿಡೋದಾ? ನಿನ್ನೆಯಿಂದ ನನಗೆ ಊಟ ಸೇರ್ತಿಲ್ಲ. ನಿಮ್ಮ ಕಣ್ಣಿಗೆ ಎಷ್ಟು ಕಾಣುತ್ತೆ, ನೋಡಿ ಹೇಳಿ."

"ಡಾಕ್ಟ್ರು ಸ್ಟೂಲ್ ಮೇಲೆ ಕೂತಿರ್ಲಿಲ್ವಾ? ಅವರ ಹತ್ರ ತೋರಿಸಿದ್ರಾ?"

"ಫಾರಂನಲ್ಲಿ ಆಗ್ಲೇ ಟಿಕ್ ಬಿದ್ದಿತ್ತಲ್ಲ" ಎಂದರು.

ಬಯ್ಯಬೇಕೆಂದು ಬಾಯಿ ತೆರೆದೆ. ಮಗುವಿನ ಅಜ್ಜನನ್ನು ಬಯ್ಯಲಾಗಲಿಲ್ಲ. ಶಾಲು ಬಿಚ್ಚಿದೆ. ಬೆವರಿ ಕೆಂಪಾಗಿದ್ದ ಹುಡುಗ ಗಾಳಿ ಸೋಕಿದ್ದೇ ತಡ ಕೈಕಾಲು ಬಡಿದು, ನನ್ನ ಕೈಯಲ್ಲಿದ್ದ ದಿಂಬಿನ ಚೀಲ ಕಿತ್ತುಕೊಂಡು ನಕ್ಕ. ಮೂಗು ಸೋರುತ್ತಿತ್ತು. ಮೈ ತುಂಬ ಹುಡುಕಿದೆ, ಉಸಿರು ಕೇಳಿದೆ, ಎದೆ ಒತ್ತಿ ಎಣಿಸಿದೆ. ಬರೀ ನೆಗಡಿ ಜ್ವರ. ಆದರೂ ಸಾಯಂಕಾಲ ಒಮ್ಮೆ ಡಾಕ್ಟರ ಕೈಗೆ ಕೊಟ್ಟು ತೋರಿಸಿ, ಕೊಟ್ರೇಶಿ ಕೈಗಲ್ಲ ಎಂದು ಹೇಳುವುದಿತ್ತು. ಅದಕ್ಕೆ ಮೊದಲು ಅಧ್ಯಕ್ಷರ ಕೈ ಹಿಡಿದು ಎಳೆದು ಮೊಮ್ಮಗನ ಪಾದದ ಮೇಲೆ ಇಟ್ಟೆ.

"ನೀವೇ ನೋಡಿ. ಹಿಡ್ಕೊಳ್ಳಿ. ಅವಸರ ಬೇಡ" ಎಂದೆ.

ಅವರು ಹಿಡಿದುಕೊಂಡು ಕೂತರು. ಬಹಳ ಹೊತ್ತು ಕೂತರು. ಬೆಚ್ಚಗಿನ, ದುಂಡನೆಯ ಪಾದ ಅವರ ಅಂಗೈಯಲ್ಲಿ ಆಡುತ್ತಿತ್ತು. ಹುಡುಗ ಕಚಗುಳಿಯಾಗಿ ಕೇಕೆ ಹಾಕುತ್ತಿದ್ದ. ಅವರ ಮುಖ ಸಡಿಲವಾಗುತ್ತಾ ಬಂದು, ಕಣ್ಣು ಒದ್ದೆಯಾಯಿತು. ಪುಟ್ಟಗೌರಿ ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ನೋಡುತ್ತಿದ್ದಳು. ಕೊನೆಗೂ ಗೊತ್ತಾಯಿತು ಈ ಮನುಷ್ಯನಿಗೆ ಎಂದುಕೊಂಡೆ.

ಅವರು ಮೆಲ್ಲಗೆ ಜೇಬಿನಿಂದ ಪೆನ್ನು ತೆಗೆದರು.

"ಬೆಚ್ಚಗಿದೆ ಮಂಗಳಮ್ಮ" ಎಂದರು. "ಇದಕ್ಕೆ ಎಷ್ಟು ಅಂತ ಬರ್ಕೊಳ್ಳಲಿ?"